ತವರಿನ ಸೀರೆ ಬೇಡವೆಂದ ಇಂಗ್ಲಿಷ್ ಅಕ್ಕೋರು

ಅಕ್ಕೋರ ಬೆರಳ ತುದಿ ಸದಾ ಕೆಂಪು. ಬೆಳಿಗ್ಗೆ ಅಂಗಳದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಸಂಜೆ ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಮಗೆ ಇಂಗ್ಲಿಷ್ ಟ್ಯೂಷನ್. ಬ್ಯಾಡಗಿಯಲ್ಲಿ ಇದೇನು ದೊಡ್ಡ ಮಾತಲ್ಲ ಬಿಡಿ. ಆದರೆ ಆ ಕೈ ಕಣ್ಣಿಗೆ ಹೋಗಬಾರದಲ್ಲ, ಅದಕ್ಕೇ ಕಣ್ಣಲ್ಲಿ ನೀರು ಬಂದರೆ ರಟ್ಟೆಗೆ ಕಣ್ಣೊತ್ತಿಕೊಳ್ಳುತ್ತಿದ್ದರು.

ನಾನು ಮೊದಲು ಮೊಬೈಲಿನಲ್ಲೇ ಇಂಗ್ಲಿಷ್ ಕಲಿತವನು. ಹೊಸ ಮಾತು ಸಿಕ್ಕರೆ ಎಲ್ಲಾದರೂ ಬಳಸಲೇಬೇಕು! ಝೆರಾಕ್ಸ್ ಅಂಗಡಿಯ ಮಾಲೀಕರ ಜೊತೆ ಜಗಳವಾಡಿ ಕೆಲಸ ಬಿಟ್ಟ ದಿನ 'ಬರ್ನಿಂಗ್ ಮೈ ಬ್ರಿಡ್ಜಸ್' ಅಂತ ಸ್ಟೇಟಸ್ ಹಾಕಿದೆ. ಸಂಜೆ ಅಕ್ಕೋರು ಹಿಡಿದರು.

"ಏನೋ ಶಾಣ್ಯಾ, ಅರ್ಥ ಗೊತ್ತೈತೇನು?"

"ಸೇತುವೆ ಸುಡೋದ್ರಿ. ಧೈರ್ಯದ ಮಾತು."

"ದಾಟಿ ಬಂದ ಸೇತುವೆಗೆ ನಾವ ಬೆಂಕಿ ಹಚ್ಚೋದು. ತಿರುಗಿ ಹೋಗಾಕ ದಾರಿ ಉಳೀಬಾರದು ಅಂತ. ಮಂದಿ ಅದನ್ನ ಜಂಬಕ್ಕಿಂತ 'ಹಂಗ ಮಾಡಬ್ಯಾಡ' ಅಂತ ಹೇಳಾಕ ಬಳಸೋದ ಜಾಸ್ತಿ."

ಉದಾಹರಣೆ ಕೇಳಿದೆ. ತಮ್ಮದೇ ಹೇಳಿದರು. ಅವರ ತವರು ಮೇಡ್ಲೇರಿ. ತಾಯಿ ತೀರಿದಾಗ ಅಣ್ಣ ಸುದ್ದಿ ಮುಟ್ಟಿಸಿದ್ದು ತಡವಾಗಿ, ಇವರು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ಸತ್ತರೆ ತವರಿನವರು ತಂದ ಸೀರೆಯನ್ನೇ ಹೊದಿಸುತ್ತಾರೆ. ಅಂದು ಅಕ್ಕೋರು ಎಲ್ಲರೆದುರು ಅಣ್ಣನಿಗೆ ಅಂದಿದ್ದರು: "ನಾ ಸತ್ತರೂ ನಿನ್ನ ಸೀರಿ ನನ್ನ ಮೈಮ್ಯಾಲೆ ಬೀಳಬಾರದು."

"ಹೋಗಬೇಕು ಅನಸತೈತಿ ತಮ್ಮಾ. ಹೆಂಗ ಹೋಗಲಿ?"

"ರಾಣೆಬೆನ್ನೂರಿಗೆ ಹೋಗಿ ಬಸ್ ಬದಲಿ ಮಾಡ್ರಿ ಅಕ್ಕೋರ."

"ಹೋಗೋ ಮಂಗ್ಯಾ!" ನಕ್ಕರು. ಆಮೇಲೆ ರಟ್ಟೆ ಕಣ್ಣಿಗೆ ಹೋಯಿತು.

ನಾನು ಸ್ಟೇಟಸ್ ಅಳಿಸಿ ಮರುದಿನ ಅಂಗಡಿಗೆ ಹೋದೆ. ಇಂದಿಗೂ ಅಲ್ಲೇ ಇದ್ದೇನೆ. ಅಕ್ಕೋರು ಮಾತ್ರ ಮೇಡ್ಲೇರಿಗೆ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು.

ಅಣ್ಣ ಸೀರೆ ಹಿಡಿದು ಬಂದು ಬಾಗಿಲ ಹೊರಗೇ ನಿಂತರು. ಅಕ್ಕೋರ ಯಜಮಾನರು ಅಡ್ಡ ಬಂದರು.

"ಬ್ಯಾಡ ಅಂದಾಳಾಕಿ. ಆಕಿ ಮಾತು ನಾ ಹೆಂಗ ಮುರೀಲಿ?"

ನನಗೆ ತಡೆಯಲಾಗಲಿಲ್ಲ. "ಅಕ್ಕೋರಿಗೆ ತವರಿಗೆ ಹೋಗಬೇಕು ಅಂತಿತ್ತರಿ. ನನ್ನ ಮುಂದ ಹೇಳಿ ಅತ್ತಾರ್ರಿ."

ಯಜಮಾನರು ನನ್ನನ್ನೇ ನೋಡಿದರು. ಆಮೇಲೆ ಬಾಗಿಲು ಬಿಟ್ಟು ಸರಿದರು.

ಸೀರೆ ಹೊದಿಸಿ ಹೊರಬಂದ ಅಣ್ಣ ನನ್ನ ಕೈ ಹಿಡಿದರು. "ಖರೇನ ಅಂದಿದ್ಲೇನಪಾ?"

"ಹೂಂರಿ."

ಅವರು ಕಟ್ಟೆಯ ಮೇಲೆ ಕೂತರು. "ನಾನೂ ಎಷ್ಟೋ ಸಲ ಬ್ಯಾಡಗಿ ಬಸ್‌ಸ್ಟ್ಯಾಂಡಿನ ತನಕ ಬಂದು ತಿರುಗಿ ಹೋಗೇನಿ. ಬೈದರ ಬೈಲಿ ಅಂತ ಒಮ್ಮೆ ಈ ಓಣಿಗೆ ಬಂದಿದ್ರ ಆಗ್ತಿತ್ತು."