ಸುಳಿಗರಿ ಕಟ್ಟಿದ ದಾರಿ

ಶನಿವಾರ ಮಧ್ಯಾಹ್ನ ಬೆಡೋಕ್‌ನ ಹಾಕರ್ ಸೆಂಟರಿನ ಊಟದ ಮೇಜಿನ ಮೇಲೆ ಮೀನಿನ ಸಾರು ಇನ್ನೂ ಹೊಗೆಯಾಡುತ್ತಿರುವಾಗಲೇ ನನ್ನ ಫೋನಿಗೆ ಎಚ್ಚರಿಕೆ ಬಂತು. ದೂರದ ಕಡಲಲ್ಲಿ ಎದ್ದ ಬಿರುಗಾಳಿಯಿಂದ ನಾವು ಕೆಲಸ ಮಾಡುವ ಪೂರ್ವದ ದ್ವೀಪವೊಂದರ ದಕ್ಷಿಣ ದಂಡೆಗೆ ದೊಡ್ಡ ಅಲೆಗಳು ಬರಲಿದ್ದವು. ಸಂಜೆಯ ಉಬ್ಬರಕ್ಕೆ ಮುಂಚೆ ದಂಡೆಯ ಮನೆಗಳನ್ನೆಲ್ಲ ಖಾಲಿ ಮಾಡಿಸಬೇಕಿತ್ತು. ಅದೇ ದ್ವೀಪದ ಇಬ್ಬರು ನನ್ನ ಎದುರು ಕೂತು ಉಣ್ಣುತ್ತಿದ್ದರು. ಒಬ್ಬರು ಗುಡ್ಡದ ಮೇಲಿನ ಊರಿನ ಹಿರಿಯರು. ಇನ್ನೊಬ್ಬರು ದಂಡೆಯ ಊರಿನ ಹೆಂಗಸು, ಅಲ್ಲಿ ಹತ್ತು ಜನ ಅವರ ಮಾತು ಕೇಳುತ್ತಾರೆ. ಇಬ್ಬರೂ ನಮ್ಮ ಸಂಸ್ಥೆಯ ಸಭೆಗೆಂದು ಸಿಂಗಾಪುರಕ್ಕೆ ಬಂದಿದ್ದರು.

ನಾನು ಪಾಯಾ ಲೆಬಾರ್‌ನಲ್ಲಿರುವ ಒಂದು ಸಣ್ಣ ಸಂಸ್ಥೆಯವನು. ದೂರದ ದ್ವೀಪಗಳಲ್ಲಿ ಕಡಲು ಮೇಲೇರುವ ಮುಂಚೆ ಜನ ಎಲ್ಲಿಗೆ ಓಡಬೇಕು, ಹೇಗೆ ಓಡಬೇಕು ಎಂದು ತಯಾರು ಮಾಡುವುದು ನಮ್ಮ ಒಂದು ಕೆಲಸ. ಜಗಳವಾಡಿಕೊಂಡ ಊರುಗಳನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು ಇನ್ನೊಂದು. ಈ ಎರಡನ್ನೂ ಹೊಂದಿಸಿ ನಡೆಸುವವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊನ್ನಾವರದ ಕಡೆ ದಕ್ಕೆಯಲ್ಲಿ ಬಲೆ ಎಳೆದೆ, ಆಮೇಲೆ ಇಲ್ಲಿಯ ಶಿಪ್‌ಯಾರ್ಡಿನಲ್ಲಿ ವೆಲ್ಡಿಂಗ್ ಮಾಡಿದೆ, ಅಲ್ಲೇ ಮಲಯ್ ಕಲಿತೆ, ದ್ವೀಪದವರ ಜೊತೆ ಮಾತಾಡುವುದು ಅದರಲ್ಲೇ. ಈಗ ನನ್ನ ಕಾರ್ಡಿನ ಮೇಲೆ ಕೋಆರ್ಡಿನೇಟರ್ ಅಂತ ಇದೆ. ಅದನ್ನು ಯಾರೂ ನನಗೆ ಪುಕ್ಕಟೆ ಕೊಡಲಿಲ್ಲ.

ಆ ಎರಡು ಊರಿಗೂ ನಡುವೆ, ಗುಡ್ಡದ ಇಳಿಜಾರಿನಲ್ಲಿ, ಒಂದು ತೆಂಗಿನ ತೋಪಿದೆ. ಅದು ಯಾರದ್ದು ಎಂಬ ಜಗಳದಲ್ಲಿ ಹಿಂದೆ ಮನೆಗಳು ಸುಟ್ಟಿವೆ. ತೋಪು ಯಾರದ್ದೆಂದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿಯವರೆಗೆ ಮೇಲಿನವರು ಅದನ್ನು ನೋಡಿಕೊಳ್ಳಬೇಕು, ಅವರು ತೋಪು ಮುಚ್ಚಿದಾಗ ಕೆಳಗಿನವರು ಆ ಮಾತನ್ನು ಮೀರಬಾರದು ಎಂದು ಎಷ್ಟೋ ಬೈಠಕ್ ಮಾಡಿ ನಾವು ಒಪ್ಪಿಸಿದ್ದೆವು. ಮುಚ್ಚುವುದೆಂದರೆ ದಾರಿಗೆ ಕಂಬ ನೆಟ್ಟು ತೆಂಗಿನ ಸುಳಿಗರಿ ಕಟ್ಟುವುದು. ನಮ್ಮೂರಿನಲ್ಲಿ ಸುಳಿಗರಿ ಕಟ್ಟಿದರೆ ಮದುವೆಯ ಚಪ್ಪರ, ಬನ್ನಿ ಎಂದರ್ಥ. ಅಲ್ಲಿ ಕಟ್ಟಿದರೆ ಬರಬೇಡಿ ಎಂದರ್ಥ. ಕಾಯಿ ಬಲಿಯುವವರೆಗೆ ಒಳಗೆ ಯಾರೂ ಕಾಲಿಡುವಂತಿಲ್ಲ, ಕಟ್ಟಿಸಿದವನ ಮಾತಿಲ್ಲದೆ ಅದನ್ನು ಬಿಚ್ಚುವಂತಿಲ್ಲ.

ದಂಡೆಯ ಜನ ಅಲೆಗೆ ಹೆದರಿ ಓಡಬೇಕಾದ ಶಾಲೆ ಗುಡ್ಡದ ಮೇಲಿದೆ. ಅಲ್ಲಿಗೆ ಇರುವ ಒಂದೇ ದಾರಿ ತೋಪಿನೊಳಗೇ ಹೋಗುತ್ತದೆ. ನಾವು ನಕ್ಷೆ ಬರೆದಾಗ, ಡ್ರಿಲ್ ಮಾಡಿಸಿದಾಗ ತೋಪು ತೆರೆದಿತ್ತು. ಮುಚ್ಚಿರುವಾಗ ಅಲೆ ಬಂದರೆ ಏನು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ಸಲ ಹಿರಿಯರು ಗರಿ ಕಟ್ಟಿಸಿ ಬಂದಿದ್ದರು.

ಸಂದೇಶವನ್ನು ಓದಿ ಹೇಳುವಷ್ಟರಲ್ಲಿ ಹೆಂಗಸಿನ ಫೋನು ಬಡಿದುಕೊಂಡಿತು. ದಂಡೆಯಿಂದ ಅವರ ತಮ್ಮ.

"ಅಕ್ಕಾ, ಎಲ್ಲರೂ ಕಂಬದ ಹತ್ತಿರ ಬಂದು ನಿಂತಿದ್ದೀವಿ. ಅಮ್ಮನ್ನ ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡು ಬಂದ್ವಿ. ಇಲ್ಲಿಂದ ಮುಂದೆ ಯಾರೂ ಹೆಜ್ಜೆ ಇಡ್ತಿಲ್ಲ."

ನಾನು ಫೋನು ಕಸಿದುಕೊಂಡೆ. "ದಾಟಿ ಮಾರಾಯ! ಜೀವಕ್ಕಿಂತ ಗರಿ ದೊಡ್ಡದಾ?"

"ಬಾಂಗ್," ಎಂದ ಅವನು. ಅಲ್ಲಿಯವರು ನನ್ನನ್ನು ಹಾಗೇ ಕರೆಯುವುದು, ಅಣ್ಣ ಎಂದು, ನಾನು ಮರ್ಯಾದೆಗೆ ಹಿರಿಯರನ್ನು ಪಾಕ್, ಈ ಹೆಂಗಸನ್ನು ಇಬು ಎನ್ನುವ ಹಾಗೆ. "ದಾಟಬಾರದು ಅಂತ ಒಪ್ಪಿಸಿದವರೇ ನೀವು. ಹಿಂದೆ ಒಬ್ಬ ದಾಟಿದ್ದಕ್ಕೇ ಅಲ್ವಾ ಬೆಂಕಿ ಬಿದ್ದದ್ದು? ಆಚೆ ಕಡೆ ಮೇಲಿನವರೂ ಬಂದು ನಿಂತಿದ್ದಾರೆ. ಕೈಯಲ್ಲಿ ಕತ್ತಿ ಇದೆ."

ಆ ದ್ವೀಪದಲ್ಲಿ ಗಂಡಸರು ಹೊಲಕ್ಕೆ ಹೋಗುವಾಗಲೂ ಕತ್ತಿ ಹಿಡಿದೇ ಹೋಗುತ್ತಾರೆ, ಅದು ನನಗೆ ಗೊತ್ತು. ಆದರೂ ಗಡಿಯಾರ ನೋಡಿಕೊಂಡೆ. ಅಲ್ಲಿ ಇಲ್ಲಿಗಿಂತ ಬೇಗ ಸಂಜೆಯಾಗುತ್ತದೆ.

ಹಾಕರ್ ಸೆಂಟರಿನ ಗದ್ದಲದಲ್ಲಿ ಮಾತು ಕೇಳಿಸದೆ ಇಬ್ಬರನ್ನೂ ಕರೆದುಕೊಂಡು ಪಕ್ಕದಲ್ಲೇ ಇರುವ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿಗೆ, ಮನೆಗಳ ಕೆಳಗಿನ ಗೋಡೆಯಿಲ್ಲದ ಪಡಸಾಲೆಗೆ, ಬಂದೆ. ನಮ್ಮ ಡೈರೆಕ್ಟರ್ ಮೇಡಂ ಟ್ಯಾಕ್ಸಿ ಹಿಡಿದು ಅಲ್ಲಿಗೇ ಬಂದರು. ಮೈಸೂರಿನವರು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಕೂರುವ ಮೊದಲೇ ಶುರುಮಾಡಿದರು.

"ಡಿಸ್ಟ್ರಿಕ್ಟ್ ಆಫೀಸರ್ ಹತ್ರ ಮಾತಾಡ್ದೆ. ಪೊಲೀಸ್‌ನ ಕಳಿಸಿ ಆ ಗರಿ ಕಟ್ ಮಾಡಿಸ್ತೀನಿ ಅಂದ್ರು. ನಾನು ಯೆಸ್ ಅನ್ಬೇಕು ಅಷ್ಟೇ."

"ಬೇಡ ಮೇಡಂ. ಪೊಲೀಸ್ ಕೈ ಹಾಕಿದ್ರೆ ನಾವು ಕೂರಿಸಿ ಮಾತಾಡಿಸಿದ್ದೆಲ್ಲ ಇವತ್ತಿಗೇ ಮುಗೀತು. ನಾಳೆಯಿಂದ ಮತ್ತೆ ಕಡಿದಾಟ."

"ಜನ ಕೊಚ್ಚಿಕೊಂಡು ಹೋದ್ರೆ? ಸತ್ತೋರ ಜೊತೆ ಪೀಸ್ ಮೀಟಿಂಗ್ ಮಾಡ್ತೀರಾ?"

ಅವರು ಹೇಳಿದ್ದು ಸರಿಯೇ ಇತ್ತು. "ಸ್ವಲ್ಪ ಹೊತ್ತು ಕೊಡಿ," ಎಂದೆ.

"ಕೊಡೋಕೆ ಅದೇನು ನನ್ನ ಹತ್ರ ಇದ್ಯಾ?" ಎಂದರು. ಆದರೆ ಫೋನನ್ನು ಮೇಜಿನ ಮೇಲೆ ಇಟ್ಟರು.

ಹಿರಿಯರು ಕಲ್ಲು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. "ಬಿಚ್ಚಿಸೋದು ಕಷ್ಟವಲ್ಲ," ಎಂದರು. "ನನ್ನ ಅಳಿಯ ಅಲ್ಲೇ ಇದ್ದಾನೆ, ಕಂಬ ನೆಟ್ಟವನೂ ಅವನೇ. ನಾನು ಹೇಳಿದರೆ ಬಿಚ್ಚುತ್ತಾನೆ. ಇವಳು ಒಂದು ಮಾತು ಕೇಳಲಿ."

"ಕೇಳಲ್ಲ," ಎಂದರು ಹೆಂಗಸು.

ಯಾಕೆಂದು ನನಗೆ ತಕ್ಷಣ ಹೊಳೆಯಿತು. ಮುಚ್ಚಿದ ತೋಪಿನೊಳಗೆ ಹೋಗಲು ಅಪ್ಪಣೆ ಕೇಳಿದರೆ ತೋಪು ನಿಮ್ಮದೇ ಎಂದು ಒಪ್ಪಿಕೊಂಡ ಹಾಗೆ. ಅವರ ಅಪ್ಪನ ಕಾಲದಿಂದ ಯಾರೂ ಕೇಳದ ಮಾತು ಅದು. ಹೊತ್ತು ಹೋಗುತ್ತಿತ್ತು, ನನ್ನ ತಾಳ್ಮೆಯೂ ಹೋಯಿತು.

"ಎಂತ ಹಟ ಇಬು ಇದು? ನಿಮ್ಮಮ್ಮ ಅಲ್ಲಿ ಕುರ್ಚಿ ಮೇಲೆ ಕೂತಿದ್ದಾರೆ!"

"ಅಮ್ಮನನ್ನೇ ಕೇಳಿ," ಎಂದು ಅವರು ಫೋನು ನನ್ನ ಮುಂದೆ ಹಿಡಿದರು.

ಮುದುಕಿಯ ಗಂಟಲು ಗಾಳಿಯ ಶಬ್ದವನ್ನೂ ಮೀರಿ ಬಂತು. "ಅವನ ಹತ್ತಿರ ಏನಾದರೂ ಕೇಳಿದೆಯೋ, ನನ್ನನ್ನ ವಾಪಸ್ ಮನೆಗೆ ಹೊತ್ಕೊಂಡು ಹೋಗಲಿ. ನನ್ನ ಹಾಸಿಗೆಯಲ್ಲೇ ಮಲಗಿ ಒದ್ದೆಯಾಗ್ತೀನಿ. ಅವನ ಅಪ್ಪನೂ ಹೀಗೇ, ಹುಣಸೆಹಣ್ಣು ಕಚ್ಚಿದ ಮುಖ!"

ಹಿರಿಯರಿಗೂ ಅದು ಕೇಳಿಸಿತು. ಮುಖ ಬಿಗಿಯಿತು. ನಾನು ಅವರ ಕಡೆ ತಿರುಗಿದೆ. "ಪಾಕ್, ನೀವೇ ಕರೆದುಬಿಡಿ. ಬನ್ನಿ ಅಂತ ಒಂದು ಮಾತು."

"ಅವನು ಕರೆದರೂ ಹೋಗಲ್ಲ," ಎಂದರು ಹೆಂಗಸು. "ನೆಂಟರ ಹಾಗೆ ಕರೆಯೋಕೆ ಅದು ಅವನ ಮನೆಯಲ್ಲ."

"ನೋಡಿದೆಯಾ?" ಎಂದರು ಹಿರಿಯರು ನನಗೆ. "ನಿನಗೆ ಇದು ಅರ್ಥವಾಗಲ್ಲ. ನೀನು ದೋಣಿ, ಟಿಕೆಟ್ಟು ನೋಡಿಕೋ, ಸಾಕು."

ಆ ಮಾತು ನನಗೆ ನಾಟಿತು. ಅವರ ಊರಿನ ಮಣ್ಣಿನಲ್ಲಿ ಅವರ ಜೊತೆಯೇ ಸೊಂಟ ಮುರಿಯುವ ಹಾಗೆ ಶಾಲೆಯ ಗೋಡೆಗೆ ಕಲ್ಲು ಹೊತ್ತವನು ನಾನು. ಅಷ್ಟರಲ್ಲಿ ಎದುರಿನ ಬ್ಲಾಕಿನ ಕೆಳಗೆ ಮಲಯ್ ಮದುವೆಯೊಂದರ ಲೌಡ್‌ಸ್ಪೀಕರು ಅಬ್ಬರಿಸತೊಡಗಿತು. ಫೋನಿನ ಮಾತು ಪೂರ್ತಿ ಮುಳುಗಿತು. ಬೇರೇನೂ ಮಾಡಲು ತೋಚದೆ ಅಲ್ಲಿಗೆ ಹೋದೆ.

"ಮದುವೆ ಲಾ ಅಂಕಲ್," ಎಂದಳು ಮುಂದೆ ನಿಂತು ಬಂದವರನ್ನು ಕರೆಯುತ್ತಿದ್ದ ಆಂಟಿ. "ಬಿರಿಯಾನಿ ತಿನ್ನಿ, ಆಮೇಲೆ ಸಿಟ್ಟು ಮಾಡಿ."

ಸಮುದ್ರ ಎಂದೆ, ಆಚೆಯ ದ್ವೀಪ ಎಂದೆ, ಜನ ದಾರಿಯಲ್ಲಿ ನಿಂತಿದ್ದಾರೆ ಎಂದೆ. ಅವಳು ನನ್ನ ಮುಖ ನೋಡಿದವಳೇ ಒಳಗೆ ಕೂಗಿದಳು. ಹಾಡು ತಗ್ಗಿತು.

ವಾಪಸ್ ಬಂದಾಗ ಮೇಡಂ ಫೋನು ಕೈಗೆತ್ತಿಕೊಂಡಿದ್ದರು. "ಸಾಕು," ಎಂದರು. "ನೀರು ದಡ ಹತ್ತೋಕೆ ಶುರುವಾಗಿದೆಯಂತೆ. ನಾನು ಆಫೀಸರಿಗೆ ಹೇಳಿಬಿಡ್ತೀನಿ."

ಆಗಲೇ ಹಿರಿಯರು ಹೆಂಗಸಿನತ್ತ ನೋಡದೆ, ಎದುರಿನ ಸಿಮೆಂಟು ಕಂಬಕ್ಕೆ ಹೇಳುವ ಹಾಗೆ ಕೇಳಿದರು. "ನಿಮ್ಮಲ್ಲಿ ಮರ ಹತ್ತುವವರು ಎಷ್ಟು ಜನ?"

ಹೆಂಗಸು ತಲೆ ಎತ್ತಿದರು. "ಯಾಕೆ?"

"ಇವತ್ತು ಕೊಯ್ಲು. ನನ್ನ ಹುಡುಗರ ಕೈಯಲ್ಲೇ ಆಗುವ ಕೆಲಸವಲ್ಲ."

"ಕಾಯಿ ಬಲಿತಿಲ್ಲ."

"ಅದು ನನಗೂ ಗೊತ್ತು."

ಮಂಜು ಸರಿದ ಹಾಗಾಯಿತು ನನಗೆ. ಕೊಯ್ಲೆಂದರೆ ಮುಚ್ಚಿದ್ದು ತೆರೆದ ಹಾಗೆ. ತೆರೆದ ಮೇಲೆ ಯಾರೂ ಅಪ್ಪಣೆ ಕೇಳಬೇಕಿಲ್ಲ, ಯಾರೂ ಕರೆಯಬೇಕಿಲ್ಲ. ಆ ಕಾಯಿ ಮಾರಿ ಹಿರಿಯರ ಊರಿನ ಪ್ರಾರ್ಥನಾ ಮಂದಿರಕ್ಕೆ ತಗಡು ಹೊದಿಸಬೇಕಿತ್ತು, ಎರಡು ಮಳೆಗಾಲದಿಂದ ಅದು ಸೋರುತ್ತಿತ್ತು. ಎಳೆಗಾಯಿಯನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಗರಿ ಬಿಚ್ಚಿದ ದಿನ ಕೊಯ್ಯಲೇಬೇಕು, ಮತ್ತೆ ಕಟ್ಟುವುದು ಮುಂದಿನ ಹೂವಿಗೇ.

ಹೆಂಗಸು ಹಿರಿಯರ ಕಡೆ ತಿರುಗಿ ಕೂತರು. "ಹತ್ತುವವರಿದ್ದಾರೆ," ಎಂದರು. "ಬೇಕಾದಷ್ಟು ಜನ."

ಹಿರಿಯರು ಎದ್ದರು. ನಾವು ಕೊಡಿಸಿದ್ದ ಬೂಟು ಕಳಚಿ ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಂತು, ಅಳಿಯನಿಗೆ ಫೋನು ಮಾಡಿ, ಅವನ ಫೋನನ್ನು ಗರಿಯ ಹತ್ತಿರ ಹಿಡಿಯಲು ಹೇಳಿದರು. ಆಮೇಲೆ ತಮ್ಮ ಹಳೆಯ ಭಾಷೆಯಲ್ಲಿ ದೊಡ್ಡ ದನಿ ತೆಗೆದು ಏನೋ ಹೇಳಿದರು. ಮದುವೆಗೆ ಬಂದವರು ತಿರುಗಿ ನೋಡಿದರು. ಮಾರುಕಟ್ಟೆಯಿಂದ ಬರುತ್ತಿದ್ದ ಚೀನೀ ಅಜ್ಜಿಯೊಬ್ಬಳು ತಳ್ಳುಗಾಡಿ ನಿಲ್ಲಿಸಿಕೊಂಡು ನಿಂತಳು. ಆ ಕಡೆಯಿಂದ ಶಂಖ ಊದಿದ ಸದ್ದು ಬಂತು, ಹಿಂದೆಯೇ ಎಲ್ಲರೂ ಒಟ್ಟಿಗೆ ಕೂಗಿಕೊಂಡದ್ದು. ಆಮೇಲೆ ಲೈನು ಸತ್ತುಹೋಯಿತು.

ಕೂಗಿದ್ದು ಓಡಿದ್ದಕ್ಕೋ ಹೊಡೆದಾಟಕ್ಕೋ ತಿಳಿಯಲಿಲ್ಲ. ಮೇಡಂ ಆಫೀಸರಿಗೆ ಮತ್ತೆ ಮತ್ತೆ ಡಯಲ್ ಮಾಡಿದರು, ನಾನು ಅಳಿಯನಿಗೆ, ಹೆಂಗಸು ತಮ್ಮನಿಗೆ. ಯಾವುದೂ ಸಿಗಲಿಲ್ಲ. ಹಿರಿಯರು ಬೂಟು ಹಾಕಿಕೊಳ್ಳದೆ ಹಾಗೇ ಕೂತಿದ್ದರು. ನನ್ನ ಹೆಂಡತಿ ಮೇಲಿನಿಂದ ಚಹಾ ತಂದಿಟ್ಟು, ನಮ್ಮ ಮುಖ ನೋಡಿ ಅಲ್ಲೇ ಕೂತಳು. ಚಹಾ ಕೆನೆಗಟ್ಟಿತು. ಎದುರಿನ ಮದುಮಗನೂ ಮದುಮಗಳೂ ಕಾರು ಹತ್ತಿ ಹೋದರು, ಕುರ್ಚಿಗಳನ್ನು ಮಡಚಲು ಶುರುಮಾಡಿದರು.

ಹೊತ್ತು ಇಳಿಯುವಾಗ ಶಾಲೆಯ ರೇಡಿಯೋದಿಂದ ಆಫೀಸರಿಗೆ, ಆಫೀಸರಿಂದ ಮೇಡಂಗೆ ಸುದ್ದಿ ಬಂತು. ಎಲ್ಲರೂ ಮೇಲಿದ್ದಾರೆ, ಒಬ್ಬರೂ ತಪ್ಪಿಹೋಗಿಲ್ಲ. ಅಲೆ ದಂಡೆಯ ಮೊದಲ ಸಾಲಿನ ಮನೆಗಳನ್ನು ಎಳೆದುಕೊಂಡು ಹೋಗಿದೆ. ಹೆಂಗಸಿನ ಮನೆ ಮೊದಲ ಸಾಲಿನಲ್ಲೇ ಇತ್ತು. ಅವರು ಅಳಲಿಲ್ಲ. "ಅಮ್ಮ?" ಎಂದಷ್ಟೇ ಕೇಳಿದರು.

"ನಿಮ್ಮಮ್ಮ ಚೆನ್ನಾಗಿದ್ದಾರಂತೆ," ಎಂದರು ಮೇಡಂ. "ಮೇಲಿನವರು ಕೊಟ್ಟ ಕಾಫಿಯಲ್ಲಿ ಸಕ್ಕರೆ ಇಲ್ಲ ಅಂತ ರೇಡಿಯೋ ಹುಡುಗನ ಹತ್ರ ಜಗಳ ಆಡ್ತಿದ್ದಾರಂತೆ."

ನಾನು ನಗಲು ಹೋದೆ. ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಗೋಡೆಯ ಕಡೆ ತಿರುಗಿಕೊಂಡೆ.

ತಿರುಗಿ ನೋಡಿದಾಗ ಹಿರಿಯರು ಕೇಳುತ್ತಿದ್ದರು. "ಎಷ್ಟು ಮರ ಕೊಯ್ದಾಯಿತಂತೆ?"

"ದಾರಿ ಬದಿಯವು ಆಗಿವೆಯಂತೆ," ಎಂದೆ. "ಮಿಕ್ಕದ್ದು ಬೆಳಗ್ಗೆ."

"ದಂಡೆಯ ಬಾವಿಗಳೆಲ್ಲ ಉಪ್ಪಾಗಿರುತ್ತವೆ," ಎಂದರು ಹೆಂಗಸು. "ಎಳನೀರು ಬೇಕಾಗುತ್ತೆ. ನಮ್ಮವರು ಹತ್ತಿದ ಮರದ್ದು ನಮಗೆ."

"ಕೊಯ್ಲಿನ ಪಾಲು ಊರಿನ ಲೆಕ್ಕದಲ್ಲಿ, ಮರದ ಲೆಕ್ಕದಲ್ಲಲ್ಲ."

"ಯಾವ ಊರಿನ ಲೆಕ್ಕ? ನಿಮ್ಮದಾ?"

"ಮತ್ತೆ ಶುರುವಾಯ್ತಾ?" ಎಂದು ಮೇಡಂ ಕನ್ನಡದಲ್ಲಿ ನನ್ನನ್ನು ಕೇಳಿದರು. "ನಡುವೆ ಹೋಗ್ತೀರಾ?"

"ಇಲ್ಲ ಮೇಡಂ," ಎಂದೆ. "ಮಾತಾಡಿಕೊಳ್ಳಲಿ." ಹೆಂಡತಿ ತಣ್ಣಗಾದ ಚಹಾ ಎತ್ತಿಕೊಂಡು ಬಿಸಿ ಮಾಡಲು ಮೇಲೆ ಹೋದಳು. ಇವರಿಬ್ಬರೂ ಮೇಜಿನ ಆಚೀಚೆ ಕೂತು ಒಂದೊಂದು ಮರಕ್ಕೂ ದನಿ ಏರಿಸುತ್ತಿದ್ದರು.