ಔರಾದದ ಸತ್ಯಮ್ಮ ಮತ್ತು ಮೂರು ಬೆರಳಿನ ಹಕ್ಕಿ

೧೯೧೨ರ ಸೆಪ್ಟೆಂಬರ್ ಹದಿನಾರು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಔರಾದದ ಹೊರಗಿನ ಕುರುಚಲು ಕಾಡಿನಲ್ಲಿ ಕುರಿ ಕಾಯುವ ಸತ್ಯಮ್ಮ ಒದ್ದೆ ಹುಲ್ಲಿನ ಮೇಲೆ ಬೋರಲಾಗಿ ಮಲಗಿ, ಹತ್ತು ಹೆಜ್ಜೆ ಆಚೆಯ ಗೂಡೊಂದನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಬಂದೂಕು ಹಿಡಿದ ಬೀದರಿನ ಮಹಮ್ಮದ ಇಸ್ಮಾಯಿಲ. ಹಕ್ಕಿಗಳ ಚರ್ಮಕ್ಕೆ ಹತ್ತಿ ತುಂಬಿ, ಹೆಸರಿನ ಚೀಟಿ ಕಟ್ಟಿ ಹೈದರಾಬಾದಿನ ಸಂಗ್ರಹಕ್ಕೆ ಕಳಿಸುವುದು ಅವನ ಕೆಲಸ. ಗಂಟೆ, ನಿಮಿಷ ಅವನ ಟಿಪ್ಪಣಿ ಪುಸ್ತಕದಲ್ಲಿವೆ.

ಹಿಂದಿನ ದಿನ ಇಬ್ಬರಿಗೂ ವಾದವಾಗಿತ್ತು. ಆ ಗೂಡಿನ ಹಕ್ಕಿ ಲಾವಕ್ಕಿ ಎಂದ ಇಸ್ಮಾಯಿಲನಿಗೆ ಸತ್ಯಮ್ಮ ಧೂಳಿನಲ್ಲಿ ಹೆಜ್ಜೆಗುರುತು ತೋರಿಸಿದ್ದಳು. ಮುಂದೆ ಮೂರು ಬೆರಳು, ಹಿಂದೆ ಒಂದೂ ಇಲ್ಲ. ಲಾವಕ್ಕಿಗೆ ಹಿಂಬೆರಳಿರುತ್ತದೆ. ಅಷ್ಟನ್ನು ಅವನು ಒಪ್ಪಿದ. ಆದರೆ ಕೊರಳು ಕಪ್ಪಗಿರುವ ದೊಡ್ಡ ಹಕ್ಕಿ ಹೆಣ್ಣು, ಮೊಟ್ಟೆಗೆ ಕೂಡುವ ಮಾಸಲು ಬಣ್ಣದ್ದು ಗಂಡು ಎಂದು ಅವಳು ಹೇಳಿದಾಗ ನಕ್ಕುಬಿಟ್ಟ.

“ಗಂಡ ಮನಿ ಕಾಯ್ತಾನ, ಹೆಂಡ್ತಿ ಊರು ತಿರಗ್ತಾಳ? ಎಲ್ಲಿ ನೋಡೀದಿ ಸತ್ಯಮ್ಮಾ?”

“ನಮ್ಮ ಮನ್ಯಾಗ ರೀ ಸಾಹೇಬ್ರ. ನಮ್ಮನಿಯವ್ರು ಕುರಿ ತುಪ್ಪಟ ನೂಲ್ಕೋತ ತೊಟ್ಲಾ ತೂಗ್ತಾರ. ನಾ ಇಲ್ಲಿ ನಿಮ್ಮ ಜೋಡಿ ಜಗಳಾಡ್ಲಿಕತ್ತೀನಿ.”

“ಕೂತಿದ್ದನ್ನ ಹೊಡದು ಹೊಟ್ಟಿ ಸೀಳಿದ್ರ ಖರೆ ಗೊತ್ತಾಗ್ತದ.”

“ಹೊಡದ್ರ ತತ್ತಿ ಮ್ಯಾಲ ಯಾರು ಕೂಡಬೇಕ್ರಿ, ನೀವೇನು? ಗೂಡಿನ್ಯಾಗ ಮೂರೇ ಅವ. ನಾಳಿ ನಾಕನೇದ್ದು ಇಡ್ಲಾಕ ಬರ್ತಾಳ. ನೋಡಿ ಆಮ್ಯಾಲ ಬಂದೂಕ ಎತ್ರಿ.”

ಅದಕ್ಕೇ ಇಬ್ಬರೂ ಹುಲ್ಲಿನಲ್ಲಿ ಮಲಗಿದ್ದರು. ಕಪ್ಪು ಕೊರಳಿನ ಹಕ್ಕಿ ಹುಲ್ಲು ಸರಿಸಿ ಬಂದು ಗೂಡಿನೊಳಗೆ ಹೋಯಿತು. ಹದಿನೆಂಟು ನಿಮಿಷದ ಮೇಲೆ ಹೊರಟುಹೋಯಿತು. ಇಸ್ಮಾಯಿಲ ತೆವಳಿ ಹೋಗಿ ನೋಡಿದ. ಮೊಟ್ಟೆ ನಾಲ್ಕಾಗಿದ್ದವು, ಒಂದು ಇನ್ನೂ ತೇವವಾಗಿತ್ತು. ಅವನು ಹಿಂದೆ ಸರಿದದ್ದೇ ಮಾಸಲು ಹಕ್ಕಿ ಬಂದು, ಮೊಟ್ಟೆಗಳನ್ನು ಕೊಕ್ಕಿನಿಂದ ಒಟ್ಟುಮಾಡಿಕೊಂಡು ಕೂತಿತು. ಆಚೆಯ ಪೊದೆಯಿಂದ ಹೆಣ್ಣಿನ ಗುಮ್ಮೆನ್ನುವ ಕರೆ ಕೇಳಿಸಿತು.

“ಈಗ್ಯಾಕ ಕೂಗ್ತದ?”

“ಇನ್ನೊಂದು ಗಂಡು ಬೇಕಂತ್ರಿ.”

“ತೋಬಾ ತೋಬಾ!” ಎಂದು ಇಸ್ಮಾಯಿಲ ನಗುತ್ತ ಬಂದೂಕಿನಿಂದ ತೋಟಾ ಹೊರತೆಗೆದು ಕಿಸೆಗೆ ಹಾಕಿಕೊಂಡ. ಟಿಪ್ಪಣಿಯಲ್ಲಿ ಗಂಡು, ಹೆಣ್ಣು ಎಂಬ ಎರಡು ಪದಗಳನ್ನು ಹೊಡೆದುಹಾಕಿ ಅದಲುಬದಲು ಬರೆದ.

ಸತ್ಯಮ್ಮ ಅಂದಿನಿಂದ ಕುರಿಗಳನ್ನು ಬಳಸುದಾರಿಯಲ್ಲಿ ಹೊಡೆದುಕೊಂಡು ಹೋದಳು. ಇಪ್ಪತ್ತೆಂಟರಂದು ಇಸ್ಮಾಯಿಲ ಬಂದೂಕಿಲ್ಲದೆ ಬಂದ. ಮಾಸಲು ತಂದೆಯ ಹಿಂದೆ ನಾಲ್ಕು ಮರಿಗಳು ಓಡುತ್ತಿದ್ದವು. ಬರಬೇಕಾದ ದಿನವನ್ನು ಅವನು ಊಹಿಸಿದ್ದಲ್ಲ. ನಾಲ್ಕನೇ ಮೊಟ್ಟೆ ಇಟ್ಟ ದಿನವೇ, ಮರಿ ಹೊರಬರಲು ಇನ್ನೆಷ್ಟು ದಿನ ಬೇಕೆಂದು ಕೇಳಿದಾಗ ಸತ್ಯಮ್ಮ ಬೆರಳು ಎಣಿಸದೆ ಹೇಳಿದ್ದಳು: “ಹನ್ನೆರಡು ರೀ.”