ಕಾಲು ಚಾಚುವಷ್ಟು ಜಾಗ

ನಮ್ಮ ಬೈಲಹೊಂಗಲದ ಬಟ್ಟೆ ಅಂಗಡಿಯ ಡ್ರೈವರ್ ಯಾವ ಕಾರನ್ನಾದರೂ ಮೊದಲು ಹಿಂದಿನಿಂದ ನೋಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಸವದತ್ತಿ, ರಾಮದುರ್ಗದ ಸಂತೆಗಳಿಗೆ ಬಟ್ಟೆಯ ಗಂಟು ಒಯ್ಯಲು ದೊಡ್ಡ ಡಿಕ್ಕಿಯ ಹಳೆಯ ಕಾರು ಬೇಕಾಗಿತ್ತು. ಎರಡು ಕಾರು ನೋಡಲು ಅವರನ್ನು ಕರೆದೊಯ್ದೆ. ಅವರು ಚಪ್ಪಲಿ ಕಳಚಿ, ಹಿಂದಿನ ಸೀಟು ಮಡಚಿ, ಡಿಕ್ಕಿಯೊಳಗೆ ಅಂಗಾತ ಮಲಗಿದರು. ಮೊದಲನೆಯದು ಎತ್ತರವಿತ್ತು, ಗಂಟು ಹೆಚ್ಚು ಹಿಡಿಯುತ್ತಿತ್ತು. ಆದರೆ ಅವರು ಮೊಣಕಾಲು ಮಡಚಬೇಕಾಯಿತು. ಎರಡನೆಯದು ಗಿಡ್ಡ, ಆದರೆ ಉದ್ದ.

"ಇದನ್ನ ತಗೋರಿ ಸಾವ್ಕಾರ್ರ. ಕಾಲ ಚಾಚಬೇಕ್ರಿ."

"ನಾವು ಒಯ್ಯೂದು ಅರಿವಿ ಗಂಟು. ಅರಿವಿಗೆ ಕಾಲೆಲ್ಲಿ ಅದಾವರಿ?" ಎಂದು ನಕ್ಕೆ.

ಅವರು ನಗಲಿಲ್ಲ. ಮಲಗಿದಲ್ಲಿಂದಲೇ ಹೇಳಿದರು: "ಹುಬ್ಬಳ್ಳಿ ದವಾಖಾನಿಯಿಂದ ನಮ್ಮವ್ವನ ಹೆಣ ಸಣ್ಣ ಕಾರಿನ್ಯಾಗ ಕಾಲ ಮಡಚಿ ತಂದ್ನಿರಿ. ಮನಿ ಮುಟ್ಟೂದ್ರಾಗ ಸೆಟದಿದ್ವು, ಚಾಚಾಕ ಬರಲಿಲ್ಲ. ಹಂಗ ಮಣ್ಣ ಮಾಡಿದ್ವಿ."

ಉದ್ದನೆಯದನ್ನೇ ಕೊಂಡೆ. ಪ್ರತಿ ಸಂತೆಗೂ ಒಂದೆರಡು ಗಂಟು ಹಿಡಿಸದೆ ಅಂಗಡಿಯಲ್ಲೇ ಉಳಿಯುತ್ತಿದ್ದವು. ನಾನು ಗೊಣಗಿದರೆ ಅವರದು ಅದೇ ಮಾತು: "ಕಾಲ ಚಾಚಬೇಕ್ರಿ."

ಏಳೆಂಟು ವರ್ಷದ ನಂತರ ಬೆಳಗಾವಿಯ ದವಾಖಾನೆಯಿಂದ ಅವರ ದೇಹವನ್ನು ಅದೇ ಕಾರಿನಲ್ಲಿ ಮನೆಗೆ ತಂದೆ. ಅವತ್ತು ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಹಿಂದೆ ಅವರು ಕಾಲು ಚಾಚಿ ಮಲಗಿದ್ದರು.